ಕೊಂಬೆಯ ಆಚೆ ಮಗ್ಗುಲು

ನಮ್ಮ ಮನೆಯಲ್ಲಿ ಒಂದು ಹಳೆಯ ಫೋಟೋ ಇದೆ. ಯಶವಂತಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಪ್ಪ ಕುರ್ಚಿಯ ಮೇಲೆ, ಅವ್ವ ಪಕ್ಕದಲ್ಲಿ, ನನ್ನ ತಮ್ಮ ರಾಜು ಅಪ್ಪನ ಮೊಣಕಾಲಿಗೆ ಒರಗಿಕೊಂಡು. ಎಲ್ಲರ ಕಣ್ಣು ಮೂಗು ಇವತ್ತಿಗೂ ಸ್ಪಷ್ಟ. ಅವ್ವನ ಇನ್ನೊಂದು ಪಕ್ಕದಲ್ಲಿ ಒಂದು ಲಂಗ ಇದೆ, ಲಂಗದ ಕೆಳಗೆ ಎರಡು ಪಾದ, ಮೇಲೆ ಒಲೆಯ ಹೊಗೆಯಂಥದ್ದೇನೋ. ಆ ಹೊಗೆಯೇ ನಾನು. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡಬೇಡಿ" ಅಂದಾಗ, ಆ ಬಟ್ಟೆಯೊಳಗೆ ಅವನು ಏನು ಮಾಡುತ್ತಿದ್ದಾನೆಂದು ನೋಡದೆ ಇರಲು ನನ್ನಿಂದ ಆಗಲಿಲ್ಲ.

ಈಗಲೂ ಹಾಗೆಯೇ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲ ಹತ್ತಿರ ನಿಲ್ಲುತ್ತೇನೆ. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಎದ್ದು ಬಡಿಸುವವರ ಜೊತೆ ಸೇರಿಕೊಳ್ಳುತ್ತೇನೆ. "ಇವಳು ನಿದ್ದೆಯಲ್ಲೂ ಹೆಬ್ಬಾಳದವರೆಗೆ ಹೋಗಿ ಬರ್ತಾಳೆ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋದೆ. ಅಲ್ಲಿಗೆ ಮೇಷ್ಟ್ರು ಅಪ್ಪನನ್ನು ಕರೆಸಿ, "ನಿಮ್ಮ ರತ್ನೀನ ಕಂಬಕ್ಕೆ ಕಟ್ಟಿಹಾಕಿ ಪಾಠ ಹೇಳೋಕಾಗಲ್ಲ ಕಣ್ರೀ" ಅಂದರು. ಅಪ್ಪನಿಗೂ ದ್ರಾಕ್ಷಿ ತೋಟದಲ್ಲಿ ಗಿಣಿ ಓಡಿಸಲು ಒಂದು ಜನ ಬೇಕಿತ್ತು. ಆಮೇಲೆ ಓದಲು ಕಲಿತದ್ದೆಲ್ಲ ಕಡಲೆಕಾಯಿ ಪೊಟ್ಟಣದಲ್ಲಿ, ಬರೆಯಲು ಕಲಿತದ್ದು ಮಕ್ಕಳ ಸ್ಲೇಟಿನಲ್ಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಸಾಲಿಗೆ ಬರುವ ಮೊದಲು ಎದ್ದು ಹಾಲು ನೋಡಿಬಂದೆ. ಹಾಲಿಗೆ ಏನೂ ಆಗಿರಲಿಲ್ಲ.

ಇಂಥ ನಾನು ಒಂದು ಕಾಲದಲ್ಲಿ ಕದಲದೆ ಇರುವುದು ಹೇಗೆಂದು ಇನ್ನೊಬ್ಬರಿಗೆ ಕಲಿಸಿದ್ದೆ. ಅದನ್ನು ಹೇಳಬೇಕು. ಹೇಳಲು ಮನಸ್ಸು ಹಿಂದೆಗೆಯುತ್ತದೆ. ಆದ್ದರಿಂದ ಮೊದಲು ಗೋಸುಂಬೆಯ ವಿಷಯ ಹೇಳುತ್ತೇನೆ.

ನಮ್ಮದು ಬ್ಯಾಟರಾಯನಪುರಕ್ಕೂ ಕೊಡಿಗೇಹಳ್ಳಿಗೂ ನಡುವಿನ ಒಂದು ಸಣ್ಣ ಊರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಈಗ ಆ ಊರಿನ ಹೆಸರು ಬಸ್‌ಸ್ಟಾಪಿನ ಬೋರ್ಡಿನ ಮೇಲೆ ಮಾತ್ರ ಇದೆ. ಕಲ್ಲುಕಂಬ ನೆಟ್ಟು ತಂತಿ ಎಳೆದು ದ್ರಾಕ್ಷಿ ಬಳ್ಳಿಯನ್ನು ಚಪ್ಪರದಂತೆ ಹಬ್ಬಿಸಿದ್ದರು ಅಪ್ಪ. ಬೇಲಿಯ ಮೂಲೆಯಲ್ಲಿ ಒಂದು ಹೊಂಗೆ ಮರ. ಕೈಯಲ್ಲಿ ಒಡಕು ತಗಡಿನ ಡಬ್ಬ ಹಿಡಿದು ಚಪ್ಪರದ ಅಡಿಯಲ್ಲಿ ಸುತ್ತುವುದು ನನ್ನ ಕೆಲಸ. ರಾಜು ಆಗ ಆರೋ ಏಳೋ ವರ್ಷದವನು, ನನ್ನ ಬಾಲ. ಮುನಿರಾಜು ಅಂತ ಇಟ್ಟ ಹೆಸರನ್ನು ಪೂರ್ತಿ ಕರೆಯಲು ಯಾರಿಗೂ ಪುರಸೊತ್ತಿರಲಿಲ್ಲ.

ಊರ ಹುಡುಗರಿಗೆ ಓತಿಕ್ಯಾತ ಕಂಡರೆ ಕಲ್ಲು. ಅದು ಬೇಲಿಗೂಟದ ತುದಿಗೆ ಹತ್ತಿ ಎಲ್ಲರಿಗೂ ಕಾಣುವಂತೆ ತಲೆ ಕುಣಿಸುತ್ತದೆ, ಏಟು ತಿನ್ನುತ್ತದೆ. ಗೋಸುಂಬೆ ಅದರ ಜಾತಿಯದೇ ಆದರೂ ಅದರ ನಡತೆ ಬೇರೆ. ಹುಡುಗರು ಅದರ ಮೂಗಿನ ಮುಂದೆಯೇ ಹಾದುಹೋಗುತ್ತಿದ್ದರು. ನನಗೆ ಕಾಣುತ್ತಿತ್ತು. ನನ್ನ ಕಣ್ಣು ಒಂದೆಡೆ ನಿಲ್ಲುವುದಿಲ್ಲವಲ್ಲ, ಎಲ್ಲೆಲ್ಲೋ ಅಲೆಯುವಾಗ ತಾನಾಗಿಯೇ ಅದರ ಮೇಲೆ ಬೀಳುತ್ತಿತ್ತು.

ಗೋಸುಂಬೆ ಯಾವ ಬಣ್ಣದ ಮೇಲೆ ಕೂತರೆ ಆ ಬಣ್ಣವಾಗುತ್ತದೆ ಎಂದು ದೊಡ್ಡವರೆಲ್ಲ ಹೇಳುತ್ತಿದ್ದರು. ನೋಡೇಬಿಡೋಣವೆಂದು ಒಂದನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಬಂದು ಅವ್ವನ ಕೆಂಪು ಸೀರೆಯ ಮೇಲೆ ಬಿಟ್ಟೆವು. ಅದು ಕೆಂಪಾಗಲಿಲ್ಲ. ಕಪ್ಪು ಕಪ್ಪಾಯಿತು, ಮೈಮೇಲೆಲ್ಲ ಚುಕ್ಕಿ ಎದ್ದವು, ಹೊಟ್ಟೆ ಉಬ್ಬಿಸಿಕೊಂಡು ಬಾಯಿ ತೆರೆದು ಬುಸ್ ಅಂತು.

"ಅಕ್ಕ, ಇದಕ್ಕೆ ಬಣ್ಣ ಮರ್ತೋಗೈತೆ" ಅಂದ ರಾಜು.

"ಮರ್ತಿಲ್ಲ ಕಣ್ಲಾ, ಎದ್ರಿಕೊಂಡೈತೆ."

ವಾಪಸು ಹೊಂಗೆಯ ಮೇಲೆ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಒಂದೊಂದಾಗಿ ಆರಿ ಎಲೆಹಸಿರು ಬಂತು. ಅಂದರೆ ಆ ಹಸಿರು ಮರವನ್ನು ನೋಡಿ ನಕಲು ಮಾಡಿದ್ದಲ್ಲ. ತನ್ನ ಜಾಗದಲ್ಲಿ ನೆಮ್ಮದಿಯಾಗಿದ್ದಾಗ ಅದರ ಮೈಗೆ ಬರುವ ಬಣ್ಣವೇ ಅದು. ಇದು ನನ್ನ ತಲೆಗೆ ಆಗ ಹೊಳೆದದ್ದು, ಸರಿಯೋ ತಪ್ಪೋ ಬಲ್ಲವರು ಹೇಳಬೇಕು.

ಬಣ್ಣ ಒಂದರಿಂದಲೇ ಅದು ಬದುಕುವುದೂ ಇಲ್ಲ. ಕೆಂಬೂತ ಬಂದ ದಿನ ನೋಡಿದ್ದೇನೆ. ಕೆಂಬೂತ ಹದ್ದಿನ ಹಾಗೆ ಮೇಲಿಂದ ಎರಗುವ ಹಕ್ಕಿಯಲ್ಲ. ಕೊಂಬೆಯಿಂದ ಕೊಂಬೆಗೆ ನಡೆದು, ಕೆಂಪು ಕಣ್ಣಿಟ್ಟು, ಎಲೆ ಎಲೆ ಸರಿಸಿ ಹುಡುಕುತ್ತದೆ. ಅದು ಬಂದಾಗ ನಮ್ಮ ಗೋಸುಂಬೆ ನಡೆಯುತ್ತಲಿತ್ತು. ಒಂದು ಕಾಲು ಮುಂದಿಡುವುದು, ಹಿಂದೆ ಮುಂದೆ ತೂಗುವುದು, ಮತ್ತೆ ಇಡುವುದು. ಗಾಳಿಗೆ ಎಲೆ ತೂಗಿದ ಹಾಗೆಯೇ. ಹಕ್ಕಿ ಹತ್ತಿರ ಬರುತ್ತಲೇ ತೂಗಾಟ ನಿಂತಿತು. ಮೈಯನ್ನು ಚಪ್ಪಟೆ ಮಾಡಿ ಮೆಲ್ಲಗೆ ಕೊಂಬೆಯ ಆಚೆ ಮಗ್ಗುಲಿಗೆ ಜಾರಿತು. ಕೆಂಬೂತ ಈ ಕಡೆ ಬಂದರೆ ಅದು ಆ ಕಡೆ, ಆ ಕಡೆ ಹೋದರೆ ಈ ಕಡೆ. ನಡುವೆ ಯಾವಾಗಲೂ ಕೊಂಬೆ. ಒಂದು ಕಣ್ಣು ಮಾತ್ರ ಹೊರಳಿ ಹಕ್ಕಿಯ ಮೇಲಿತ್ತು, ಇನ್ನೊಂದು ನಮ್ಮ ಮೇಲೆ. ಕೆಂಬೂತ ಬೇಸತ್ತು ಹಾರಿಹೋಯಿತು. ರಾಜು ಅಷ್ಟು ಹೊತ್ತೂ ಉಸಿರು ಹಿಡಿದಿದ್ದ.

ಅವತ್ತಿನಿಂದ ನಮ್ಮ ಆಟ ಅದೇ. ನಾನು ಕೆಂಬೂತ, ಅವನು ಗೋಸುಂಬೆ. ಹೊಂಗೆಯ ಕವಲಿನವರೆಗೆ ಹತ್ತಿಸಿ ಹೇಳಿಕೊಟ್ಟೆ. "ನೋಡ್ಲಾ, ಮರ ನಡುವೆ ಇರ್ಬೇಕು. ನಾನ್ ಸುತ್ತಿದಂಗೆ ನೀನೂ ಸುತ್ತು. ಕಣ್ಣು ಮಾತ್ರ ಅಲ್ಲಾಡ್ಸು." ಮೊದಮೊದಲು ನಗು ತಡೆಯಲಾಗದೆ ಸಿಕ್ಕಿಬೀಳುತ್ತಿದ್ದ. ಆಮೇಲಾಮೇಲೆ ಅಲ್ಲೇ ಇದ್ದಾನೆಂದು ಗೊತ್ತಿದ್ದೂ ನನಗೇ ಕಾಣದಂತಾದ. ಅವನ ಸರದಿಗೆ ನಾನು ಗೋಸುಂಬೆಯಾದರೆ ಆಟ ಕೂಡಲೇ ಮುಗಿಯುತ್ತಿತ್ತು. ಬೆನ್ನು ತುರಿಸುತ್ತದೆ, ಕಾಲು ಜೋಮು ಹಿಡಿಯುತ್ತದೆ, ಕೆಳಗೆ ಏನಾಗುತ್ತಿದೆ ನೋಡಬೇಕೆನಿಸುತ್ತದೆ. "ಅಕ್ಕ, ನಿಂಗೆ ಇದು ಬರಲ್ಲ ಬಿಡು" ಎಂದುಬಿಟ್ಟಿದ್ದ.

ಇಲ್ಲಿಗೆ ಗೋಸುಂಬೆ ಮುಗಿಯಿತು. ಇನ್ನು ಮುಂದೂಡಲು ಏನೂ ಉಳಿದಿಲ್ಲ.

ಆಗ ಸಿಡುಬಿಗೆ ನಮ್ಮ ಕಡೆ ಮೈಲಿ ಅನ್ನುತ್ತಿದ್ದರು. ಅದು ಬರದಂತೆ ಸರ್ಕಾರದವರು ಊರೂರಿಗೆ ಬಂದು ತೋಳಿಗೆ ಚುಚ್ಚಿ ಮದ್ದು ಹಾಕುತ್ತಿದ್ದರು. ಅವರು ಮೈಲಿ ಹಾಕೋರು. ಗುಂಡಿಯಷ್ಟಗಲದ ಮುಳ್ಳುಬಿಲ್ಲೆಯೊಂದನ್ನು ತೋಳಿನ ಮೇಲೆ ಒತ್ತಿ ತಿರುಗಿಸುತ್ತಾರೆ, ಅದು ಮೂಳೆಯವರೆಗೂ ಇಳಿಯುತ್ತದೆ ಎಂಬುದು ಮಕ್ಕಳಲ್ಲಿದ್ದ ಸುದ್ದಿ. ಅವರ ಸೈಕಲ್ಲು ಊರ ಬಾಗಿಲಿಗೆ ಬಂತೆಂದರೆ ಮಕ್ಕಳೆಲ್ಲ ಮಾಯ.

ಅವರು ಬರುವ ಸುದ್ದಿ ಅವ್ವನಿಗೆ ಮುಂಚೆಯೇ ಗೊತ್ತಿತ್ತು. ಆದರೆ ಆ ದಿನ ಕೊಡಿಗೇಹಳ್ಳಿಯವರ ಹೊಲಕ್ಕೆ ಮುಯ್ಯಾಳಾಗಿ ಹೋಗಬೇಕಿತ್ತು. ಅವರು ನಮ್ಮ ಹೊಲದ ಕಳೆ ಕಿತ್ತುಕೊಟ್ಟಿದ್ದರು, ನಾವು ಅವರದಕ್ಕೆ ಹೋಗಲೇಬೇಕು. ಮುಯ್ಯಿ ತಪ್ಪಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ. ಹೋಗುವಾಗ ಅವ್ವ ನನ್ನ ರಟ್ಟೆ ಹಿಡಿದು ಹೇಳಿದಳು. "ಮೈಲಿ ಹಾಕೋರು ಬಂದ್ರೆ ಇಬ್ರೂ ಹಾಕಿಸ್ಕಳ್ರಿ. ಅವನ ಕೈ ಬಿಡಬೇಡ. ಅತ್ರೂ ಬಿಡಬೇಡ." ನಾನು ತಲೆಯಾಡಿಸಿದೆ.

ಸೈಕಲ್ ಗಂಟೆ ಕೇಳಿದ ಕೂಡಲೇ ಅವನ ಕೈ ಹಿಡಿದದ್ದು ನಿಜ. ಹಿಡಿದುಕೊಂಡು ಹೊಂಗೆ ಮರಕ್ಕೆ ಓಡಿದೆ. ಅವನನ್ನು ಕವಲಿಗೆ ಹತ್ತಿಸಿ, "ನಾನ್ ಕರೆಯೋವರ್ಗೂ ಇಳೀಬೇಡ" ಎಂದು ಹೇಳಿ, ನಾನು ಚಪ್ಪರದ ಒಂದು ಮೂಲೆಯಲ್ಲಿ ಬಳ್ಳಿಯ ಮರೆಗೆ ಕೂತೆ. ಖಾಕಿ ಅಂಗಿಯ ಒಬ್ಬರು ತೋಟದೊಳಕ್ಕೇ ಬಂದರು. ಒಂದು ಇರುವೆ ನನ್ನ ಹಿಮ್ಮಡಿ ಹತ್ತಿತು. ಅಷ್ಟೇ ಸಾಕಾಯಿತು.

"ಗಾಳಿ ಇಲ್ಲ, ಮಳೆ ಇಲ್ಲ, ಈ ಬಳ್ಳಿಯೊಂದಕ್ಕೆ ಏನ್ ಬಂತು?" ಎನ್ನುತ್ತ ಅವರು ಎಲೆ ಸರಿಸಿದರು. "ಬಾಮ್ಮ ಈಚೆಗೆ. ಮೂಗು ಮುಚ್ಚಿ ತೆಗೆಯೋ ಅಷ್ಟ್ರಲ್ಲಿ ಮುಗಿಯತ್ತೆ."

ಮರದಡಿಯೇ ನನ್ನನ್ನು ಕೂರಿಸಿ ತೋಳು ಒರೆಸಿದರು. ಉರಿಯಿತು, ಆದರೆ ಮೂಳೆಯವರೆಗೇನೂ ಇಳಿಯಲಿಲ್ಲ. ಆಗಲೇ ನೆಲದ ಮೇಲೆ ಬಿದ್ದಿದ್ದ ಬುಗುರಿ ಅವರ ಕಣ್ಣಿಗೆ ಬಿತ್ತು.

"ಇದು ಯಾರದು?"

"ನಂದೇ ಸಾರ್."

"ಹೆಣ್ಣುಮಗು ಬುಗುರಿ ಆಡ್ತೀಯಾ? ತಮ್ಮ ಗಿಮ್ಮ ಯಾರೂ ಇಲ್ವಾ?"

"ಅವ್ನು ಚಿಕ್ಕಬಾಣಾವರಕ್ಕೆ ಹೋಗವ್ನೆ ಸಾರ್. ನಮ್ಮಜ್ಜಿ ಮನೆಗೆ."

ಅವರು ನಂಬಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದರು, ಕತ್ತೆತ್ತಿ ನೋಡಿದರು. ನಾನೂ ನೋಡಿದೆ. ಎಲೆ ಅಲ್ಲಾಡಲಿಲ್ಲ. ಅವರು ಸುತ್ತಿದಂತೆಲ್ಲ ಅವನು ಕೊಂಬೆಯ ಆಚೆ ಮಗ್ಗುಲಿಗೆ ಜಾರುತ್ತಿದ್ದನೆಂದು ನನಗೊಬ್ಬಳಿಗೆ ಗೊತ್ತಿತ್ತು. ಹೊಟ್ಟೆಯೊಳಗೆ ಎಂಥ ಹಿಗ್ಗು ಅಂತೀರಿ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಸಂಜೆ ಅವ್ವ ಬಂದು ನನ್ನ ತೋಳು ನೋಡಿ ಅವನ ತೋಳು ನೋಡಿದಳು. "ಇವನಿಗೆ?"

"ಮದ್ದು ಮುಗ್ದೋಯ್ತಂತೆ ಅವ್ವ. ನಾವು ಹೋಗೋದು ತಡ ಆಯ್ತು. ಇನ್ನೊಂದ್ಸಲ ಬಂದಾಗ ಹಾಕ್ತಾರಂತೆ."

ರಾಜು ಗೋಡೆಯ ಕಡೆ ತಿರುಗಿ ನಗು ಅದುಮಿಕೊಂಡ. ಅವ್ವ ಯಲಹಂಕಕ್ಕೆ ಕರೆದುಕೊಂಡು ಹೋಗಿ ಹಾಕಿಸುತ್ತೇನೆ ಅಂದಳು. ದ್ರಾಕ್ಷಿ ಕೊಯ್ಲು ಬಂತು, ಆಮೇಲೆ ರಾಗಿ ಒಕ್ಕಣೆ. ಬೇಸಿಗೆಗೆ ಮೈಲಿಯೇ ಬಂತು. ಅದಕ್ಕೆ ಕಣ್ಣಿಲ್ಲ. ಯಾವ ಕೊಂಬೆಯ ಯಾವ ಮಗ್ಗುಲಲ್ಲಿದ್ದರೂ ಅದಕ್ಕೆ ಒಂದೇ.

ಆ ದಿನಗಳನ್ನು ಉದ್ದ ಮಾಡಲಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಮ್ಮ ಬಂದವಳೆ ಅಂದರು, ರೋಗದ ಹೆಸರು ಹೇಳಬಾರದು. ಮನೆಯಲ್ಲಿ ಒಗ್ಗರಣೆ ನಿಂತಿತು, ಎಣ್ಣೆಯಲ್ಲಿ ಸಾಸಿವೆ ಸಿಡಿದ ವಾಸನೆಗೆ ಅಮ್ಮ ಮುನಿಯುತ್ತಾಳೆಂದು. ತೋಳಿಗೆ ಹಾಕಿಸಿಕೊಂಡವಳು ನಾನೊಬ್ಬಳೇ ಎಂದು ಬೇವಿನ ಎಲೆಯಲ್ಲಿ ಗಾಳಿ ಹಾಕಲು ನನ್ನನ್ನೇ ಅವನ ಪಕ್ಕ ಕೂರಿಸಿದರು. ಹುಡುಗ ಉಳಿದ. ಗೋಸುಂಬೆಯ ಮೈಮೇಲೆ ಎದ್ದ ಚುಕ್ಕಿ ಆರಿಹೋಗುತ್ತದೆ, ಇವನ ಮುಖದ ಮೇಲೆ ಎದ್ದದ್ದು ಹಾಗೇ ನಿಂತಿತು.

ಆಮೇಲೆ ಅವನ ಮುಖವನ್ನು ನಾನು ಸರಿಯಾಗಿ ನೋಡಲಿಲ್ಲ. ತಟ್ಟೆ ಇಡುವಾಗ ತಟ್ಟೆ ನೋಡಿದೆ, ಮಾತಾಡಿಸುವಾಗ ಅವನ ಅಂಗಿಯ ಗುಂಡಿ ನೋಡಿದೆ. ಮೊದಲೇ ನಿಲ್ಲದ ಕಾಲು, ಈಗ ಅದಕ್ಕೊಂದು ಕಾರಣವೂ ಸಿಕ್ಕಿತು. ಅವನು ಹತ್ತಿರ ಬಂದು ಕೂತರೆ ನನಗೆ ಬಾವಿಗೆ ಹೋಗುವುದು ನೆನಪಾಗುತ್ತಿತ್ತು. ಊರ ಹುಡುಗರು ಅವನನ್ನು ಜರಡಿ ಎಂದು ಕರೆದರು. ಅವನು "ಜರಡಿ ಇದ್ರೆ ತಾನೇ ನಿಮ್ಮನೇಲಿ ರೊಟ್ಟಿ?" ಎಂದು ಅವರನ್ನೇ ನಗಿಸಿದ. ಬಳ್ಳಿ ಸವರುವ ಕೆಲಸದಲ್ಲಿ ಅವನ ಕೈ ಪಳಗಿತು, ಯಲಹಂಕದವರೆಗಿನ ತೋಟದವರು ಕರೆದುಕೊಂಡು ಹೋಗುತ್ತಿದ್ದರು. ಆ ದಿನದ ಮಾತನ್ನು ನನ್ನೆದುರಿಗಾಗಲಿ ಬೇರೆ ಯಾರೆದುರಿಗಾಗಲಿ ಒಮ್ಮೆಯೂ ಎತ್ತಲಿಲ್ಲ. ಮರೆತಿದ್ದಾನೆಂದು ನಾನು ನಂಬಿಕೊಂಡೆ. ಅಷ್ಟು ಚಿಕ್ಕವನಿಗೆ ಏನು ನೆನಪಿರುತ್ತದೆ ಅಂತ.

ಎಪ್ಪತ್ತರ ದಶಕದ ಮೊದಲಲ್ಲಿ, ಅಷ್ಟರಲ್ಲಿ ನನ್ನ ಮದುವೆಯಾಗಿತ್ತು, ಅವನಿಗೆ ಹೆಣ್ಣು ನೋಡುತ್ತಿದ್ದರು. ಎರಡು ಕಡೆಯವರು ಮುಖ ನೋಡಿ ಮೌನವಾದರು. ಮೂರನೆಯದು ಸೋಲದೇವನಹಳ್ಳಿ. ಅಪ್ಪ ಮೊದಲೇ ಹೋಗಿ ಮನೆತನ ನೋಡಿಬಂದು, "ಹುಡುಗಿ ನೋಡೋದು ನಿಮ್ಮ ಕೆಲಸ" ಎಂದು ಅವ್ವ, ರಾಜು, ನಾನು ಮೂವರನ್ನು ಕಳಿಸಿದರು. ಯಶವಂತಪುರದಲ್ಲಿ ರೈಲು ಹತ್ತಿ, ಚಿಕ್ಕಬಾಣಾವರದಲ್ಲಿ ಇಳಿದು ನಡೆದೆವು.

ಹುಡುಗಿ ಗೌರಿ ಬಂದು ತಟ್ಟೆಗಳನ್ನಿಟ್ಟು ಒಳಗೆ ಹೋದಳು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ. ಅವ್ವ ಬಾಳೆಹಣ್ಣು ತೆಗೆದುಕೊಂಡು ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಅಯ್ಯೋ, ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ರಾಜು ಎದ್ದು ಓಡಾಡುವಂತಾದ ಮೇಲೆ ನಮ್ಮ ಮನೆಗೆ ಒಗ್ಗರಣೆ ವಾಪಸು ಬಂತು, ಅವ್ವನ ತಟ್ಟೆಗೆ ಬರಲಿಲ್ಲ. ಒಗ್ಗರಣೆ ಬೀಳುವ ಮೊದಲೇ ತನ್ನ ಪಾಲಿನ ಸಾರನ್ನು ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ "ಸೇರಲ್ಲ" ಅನ್ನುತ್ತಿದ್ದಳು. ಅಷ್ಟು ವರ್ಷ ಆ ಬಟ್ಟಲು ಹಿಡಿದು ನಿಂತವಳು ನಾನು. ಯಾಕೆಂದು ಕೇಳಿ ತಿಳಿಯಬೇಕಾದದ್ದೇನೂ ಇರಲಿಲ್ಲ.

ಹೆಣ್ಣು ನೋಡಲು ಹೋದ ಮನೆಯಲ್ಲಿ ತಿಂಡಿ ಮುಟ್ಟದಿದ್ದರೆ ಹೆಣ್ಣು ಬೇಡ ಎಂದು ಹೇಳಿದ ಹಾಗೆ. ಗೌರಿಯ ಅಜ್ಜಿ ಕಂಬಕ್ಕೊರಗಿ ಕೂತಿದ್ದವರು ನೆಟ್ಟಗಾದರು. "ಯಾಕಮ್ಮ, ನಮ್ಮನೆ ಉಪ್ಪಿಟ್ಟು ಇಡಿಸ್ಲಿಲ್ವೋ, ಹುಡುಗಿ ಇಡಿಸ್ಲಿಲ್ವೋ?"

"ಅಂಗಲ್ಲ ಅತ್ತೆ. ನಾನು ಒಗ್ಗರಣೆದು ತಿನ್ನಲ್ಲ."

"ಅರಕೆಯಾ?"

"ಅರಕೆ ಅಲ್ಲ." ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಕೇಳ್ದಲೆ ನಾನೇ ಹೇಳ್ತೀನಿ. ಈ ಮಗೀನ ಮುಖ ಇಂಗಾಗಿದ್ದು ನನ್ನಿಂದ. ಮೈಲಿ ಹಾಕೋರು ಬಂದ ದಿವ್ಸ ನಾನು ಮುಯ್ಯಿ ಅಂತ ಹೋಗ್ಬಿಟ್ಟೆ. ಮಕ್ಕಳೇ ಹೋಗೋ ಹೊತ್ಗೆ ಮದ್ದು ಮುಗ್ದಿತ್ತು. ಮನೇಲಿ ನಾನಿದ್ದಿದ್ರೆ ಮೊದಲೇ ಹೋಗಿ ನಿಲ್ತಿದ್ದೆ. ಅಮ್ಮ ಇವನ್ನ ಉಳಿಸ್ಕೊಟ್ಳು. ನಾನು ರುಚಿ ಬಿಟ್ಟೆ."

ನನ್ನ ಕಾಲು ಎದ್ದುಬಿಟ್ಟವು. "ನೀರು ತರ್ತೀನಿ" ಎಂದು ಒಳಬಾಗಿಲಿಗೆ ಬಂದು ಅಲ್ಲಿದ್ದ ಚೊಂಬು ತೆಗೆದುಕೊಂಡೆ. ಹಿಂದೆ ರಾಜುವಿನ ದನಿ ಕೇಳಿತು.

"ಮದ್ದು ಮುಗ್ದಿರ್ಲಿಲ್ಲ ಅವ್ವ. ನಾನೇ ಹೊಂಗೆ ಮರ ಹತ್ತಿ ಬಚ್ಚಿಟ್ಕಂಡಿದ್ದೆ. ನಿಂದೇನೂ ಇಲ್ಲ ಇದ್ರಲ್ಲಿ."

"ಮದ್ದು ಮುಗೀತು ಅಂದಿದ್ಯಾರು ಹಂಗಾದ್ರೆ?"

"ಯಾರೋ. ಯಾರಿಗೆ ನೆನಪೈತೆ."

ಅವನಿಗೆ ನೆನಪಿತ್ತು. ಅಷ್ಟೂ ವರ್ಷ ನೆನಪಿತ್ತು. ಹೇಳುವಾಗ ಅವನು ನನ್ನ ಕಡೆ ತಿರುಗಲೂ ಇಲ್ಲ, ತಿರುಗಿದರೆ ಅವ್ವ ಆ ನೋಟ ಹಿಡಿದು ನನ್ನನ್ನು ಕಂಡುಬಿಡುತ್ತಾಳೆಂದು. ನನಗೂ ಅವ್ವನಿಗೂ ನಡುವೆ ತಾನೇ ಕೊಂಬೆಯಾಗಿ ಕೂತಿದ್ದ ನನ್ನ ತಮ್ಮ. ಹಿತ್ತಲ ಬಾಗಿಲು ಎದುರಿಗೇ ತೆರೆದಿತ್ತು. ಬಾವಿ ಕಾಣುತ್ತಿತ್ತು. ಹೋಗಿ ನೀರು ಸೇದಿಕೊಂಡು ಬರಬಹುದಿತ್ತು, ಬರುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು.

"ನಾನು ಅವ್ವ" ಅಂದೆ. "ಹತ್ತಿಸಿದ್ದೂ ನಾನು, ಮದ್ದು ಮುಗೀತು ಅಂದಿದ್ದೂ ನಾನು."

ಚೊಂಬು ನನ್ನ ಕೈಯಲ್ಲೇ ಇತ್ತು. ಅವ್ವ ನನ್ನನ್ನು ನೋಡಿದ್ದು ಹೇಗೆಂದು ಬರೆಯಲು ನನಗೆ ಬರುವುದಿಲ್ಲ. ಕೊನೆಗೆ ಅಜ್ಜಿಯೇ ಎಲೆಯಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

"ಬಚ್ಚಿಟ್ಕಳ್ಳದೆ ಇರೋ ಮಕ್ಳು ಎಲ್ಲವ್ರೆ. ನಮ್ಮ ಗೌರಿನೂ ರಾಗಿ ತುಂಬೋ ವಾಡೆ ಒಳಗೆ ಇಳ್ದು ಕೂತಿದ್ಳು. ಅಕ್ಷಿ ಅಂತ ಸೀನಿ ಸಿಕ್ಕಾಕ್ಕಂಡ್ಳು. ಇಲ್ದಿದ್ರೆ ಅವಳ್ದೂ ಇದೇ ಕತೆ."

ಒಳಗಿನಿಂದ ಗೌರಿ, "ಅಜ್ಜಿ, ಸುಮ್ನಿರು" ಅಂದಳು. ರಾಜು ನಕ್ಕ. ಅವ್ವ ನಗಲಿಲ್ಲ. ತಟ್ಟೆಯನ್ನು ಮುಟ್ಟಲೂ ಇಲ್ಲ. "ಬರ್ತೀವಿ ಅತ್ತೆ" ಎಂದು ಎದ್ದಳು. ಅಜ್ಜಿ ಆ ತಟ್ಟೆಯನ್ನೊಮ್ಮೆ ನೋಡಿದರು.

ಚಿಕ್ಕಬಾಣಾವರದವರೆಗೆ ಅವ್ವ ಮುಂದೆ, ನಾವಿಬ್ಬರು ಹಿಂದೆ. "ಯಾಕೆ ಹೇಳೋಕ್ ಹೋದೆ?" ಎಂದು ರಾಜು ಪಿಸುಗುಟ್ಟಿದ. "ನಾನೇ ಮುಗಿಸ್ತಿದ್ನಲ್ಲ." ರೈಲಿನಲ್ಲಿ ಅವ್ವ ಕಿಟಕಿಯ ಆಚೆಗೆ ನೋಡುತ್ತ ಕೂತಳು. ಸಂಬಂಧ ಮುರಿದುಬಿತ್ತೆಂದೇ ನಾನು ತಿಳಿದೆ. ಅವನ ಮುಖ ಕೆಡಿಸಿದವಳು ಅವನ ಮನೆಯನ್ನೂ ಕೆಡಿಸಿದೆ ಅಂದುಕೊಂಡೆ.

ಯಶವಂತಪುರದಲ್ಲಿ ಇಳಿದ ಮೇಲೆ ಅವ್ವ ಮನೆಯ ದಾರಿ ಹಿಡಿಯಲಿಲ್ಲ. ಸ್ಟೇಷನ್ ಎದುರಿನ ಹೋಟೆಲಿಗೆ ನೇರ ನಡೆದಳು. ಹೆಂಗಸರು ಅಂಥ ಕಡೆ ಒಂಟಿಯಾಗಿ ನುಗ್ಗುವ ಕಾಲವಲ್ಲ ಅದು, ಅವ್ವನಂತೂ ಹೋಟೆಲಿನ ಹೊಸಿಲು ತುಳಿದವಳೇ ಅಲ್ಲ. ನಾವು ಹಿಂದೆ ಓಡಿದೆವು. ಅವಳು ಗೋಡೆ ಬದಿಯ ಬೆಂಚಿನಲ್ಲಿ ಕೂತು ಮಾಣಿಯನ್ನು ಕರೆದಾಗಿತ್ತು.

"ಉಪ್ಪಿಟ್ಟು ಐತಾ?"

"ಐತೆ. ಮೂರಾ?"

"ಒಂದೇ. ಇವರಿಬ್ರಿಗೆ ಏನೂ ಬೇಡ. ಕೂತ್ಕಂಡು ನೋಡ್ತಾರೆ."

ತಟ್ಟೆ ಬಂತು. ಬಿಸಿ ಉಪ್ಪಿಟ್ಟು, ಮೇಲೆ ಕರಿಬೇವು, ಉದ್ದಿನಬೇಳೆ, ಸಾಸಿವೆ. ಅವ್ವ ಅದರ ಮುಂದೆ ಸ್ವಲ್ಪ ಹೊತ್ತು ಕೈ ಕಟ್ಟಿ ಕೂತಳು. ಆಮೇಲೆ ಒಂದು ತುತ್ತು ಬಾಯಿಗಿಟ್ಟಳು. ಮೆಣಸಿನಕಾಯಿ ಸಿಕ್ಕಿತೋ ಏನೋ, ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ನಾನು ನೀರು ತರಲು ಎದ್ದೆ. ಅವ್ವ ಎಡಗೈಯಲ್ಲಿ ನನ್ನ ಸೆರಗು ಹಿಡಿದು ಕೆಳಕ್ಕೆಳೆದಳು.

"ಕೂತ್ಕ. ನಾನ್ ತಿಂದ್ ಮುಗ್ಸೋವರ್ಗೂ ಏಳ್ಬೇಡ."

ಕೂತೆ. ಎದುರಿಗೆ ರಾಜು ಇದ್ದ, ಬೇರೆಡೆ ನೋಡಲು ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅವನು ಹುಬ್ಬೇರಿಸಿ, ಸಿಕ್ಕಿಬಿದ್ದೆಯಲ್ಲ ಅನ್ನುವಂತೆ ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ, ಕಲೆಗಳ ನಡುವೆ ಅದು ಬೇರೆಯೇ ಕಾಣುತ್ತದೆ. ಅದು ನನಗೆ ಮರೆತೇಹೋಗಿತ್ತು.

ಅರ್ಧ ತಟ್ಟೆ ಮುಗಿದ ಮೇಲೆ ಅವ್ವ ಬಾಯಿ ಬಿಟ್ಟಳು. ಅದೂ ಅವನ ಹತ್ತಿರ, ನನ್ನ ಹತ್ತಿರ ಅಲ್ಲ.

"ಆ ಮನೇದು ಇದಕ್ಕಿಂತ ಚೆನ್ನಾಗಿತ್ತು, ವಾಸ್ನೇಲೇ ಗೊತ್ತಾಯ್ತು. ನಾಳೆ ಮತ್ತೆ ಹೋಗಾನ. ನಾನ್ ತಿಂತೀನಿ ಅಂತ ಮೊದಲೇ ಹೇಳ್ಕಳಿಸು."

ಮತ್ತೆ ತಟ್ಟೆಯ ಮೇಲೆ ಬಗ್ಗಿದಳು. ಹಸಿದವಳಂತೆ ತಿನ್ನಲಿಲ್ಲ, ನಿಧಾನವಾಗಿ ತಿಂದಳು, ಒಂದೊಂದು ಸಾಸಿವೆ ಕಾಳನ್ನೂ ಹುಡುಕಿ ಅಗಿಯುವವಳ ಹಾಗೆ. ಮಾಣಿ ಬಂದು ನಿಂತ, ಹೊರಗೆ ಒಂದು ರೈಲು ಬಂದು ಹೋಯಿತು, ನನ್ನ ಕಾಲು ಜೋಮು ಹಿಡಿಯಿತು. ಸೆರಗು ಇನ್ನೂ ಅವಳ ಎಡಗೈಯಲ್ಲೇ ಇತ್ತು.